ಸರಾಸರಿಯಲ್ಲಿ ಕಾಣದ ನೋವು



ಆಶಾ ಕಾರ್ಯಕರ್ತೆ ಪುಸ್ತಕ ಹಿಡಿದು ಬಾಗಿಲಿಗೆ ಬಂದಾಗ "ಎಲ್ಲರೂ ಚೆನ್ನಾಗಿದ್ದೀವಮ್ಮ" ಎಂದು ಹೇಳಿ ಹೊಲಕ್ಕೆ ಹೊರಡುವುದು ನಮ್ಮಲ್ಲಿ ವಾಡಿಕೆ. ಒಳಗೆ ಬೆನ್ನು ಬಗ್ಗಿಸಲಾಗದ ಅಜ್ಜಿ ಮಲಗಿರುತ್ತಾರೆ. ಈ ವಾಡಿಕೆಯನ್ನು ಬಿಡಬೇಕೆಂಬುದು ನಮ್ಮ ಅಭಿಪ್ರಾಯ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 1992-93ರಲ್ಲಿ ಆರಂಭವಾಯಿತು. 2019-21ರ ಸಮೀಕ್ಷೆಯಲ್ಲಿ ರಾಯದುರ್ಗ, ಮಡಕಶಿರಾ ಎರಡೂ ಅನಂತಪುರ ಜಿಲ್ಲೆಯ ಒಂದೇ ಲೆಕ್ಕದಲ್ಲಿದ್ದವು. ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದು 2022ರಲ್ಲಿ. ಇಂಥ ಲೆಕ್ಕ ಬೇಕೇ ಬೇಕು. ಆದರೆ ಸರಾಸರಿ ಎಂದರೇನೆಂದು ಶೇಂಗಾ ಬೆಳೆಯುವ ನಮಗೆ ಯಾರೂ ಕಲಿಸಬೇಕಿಲ್ಲ. ಮಂಡಲದ ಸರಾಸರಿ ಇಳುವರಿ ಚೆನ್ನಾಗಿದೆಯೆಂದು, ಒಣಗಿದ ಹೊಲದವನಿಗೆ ಬೆಳೆವಿಮೆ ತಪ್ಪಿದ್ದನ್ನು ಕಂಡವರು ನಾವು. ಕಾಯಿಲೆಯ ಲೆಕ್ಕವೂ ಹಾಗೆಯೇ.

ನೀರನ್ನೇ ನೋಡಿ. ನಮ್ಮ ಸೀಮೆಯ ಅನೇಕ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಕೀಲು, ಬೆನ್ನು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ದುಡ್ಡಿದ್ದವರು ಶುದ್ಧ ನೀರಿನ ಕ್ಯಾನು ತರಿಸುತ್ತಾರೆ. ಕೂಲಿಗೆ ಹೋಗುವವರು ಹೊಲದ ಬೋರಿನ ನೀರನ್ನೇ ಕುಡಿಯುತ್ತಾರೆ. ಊರು ಒಂದೇ, ಕಾಯಿಲೆ ಮಾತ್ರ ಕೇರಿಗೊಂದು.

ಚಿಕಿತ್ಸೆಯೂ ಎಲ್ಲರಿಗೂ ಒಂದೇ ದೂರದಲ್ಲಿಲ್ಲ. 2007ರಲ್ಲಿ ಆರೋಗ್ಯಶ್ರೀ ಯೋಜನೆ ಮೊದಲು ಶುರುವಾದ ಮೂರು ಜಿಲ್ಲೆಗಳಲ್ಲಿ ಅನಂತಪುರವೂ ಒಂದು. ಆದರೂ ಕಾರ್ಡು ಇದ್ದ ಮಾತ್ರಕ್ಕೆ ಆಸ್ಪತ್ರೆ ಹತ್ತಿರವಾಗುವುದಿಲ್ಲ. ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿಗೆ ದುಡ್ಡು ಬೇಕು, ಜೊತೆಗೊಬ್ಬರು ಬೇಕು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿದಾಗ ರಾಯದುರ್ಗ ಆಂಧ್ರದಲ್ಲೇ ಉಳಿಯಿತು. ಮನೆಮಾತು ಕನ್ನಡವಾಗಿಯೇ ಉಳಿದ ಕುಟುಂಬಗಳು ಎಷ್ಟೋ ಇವೆ. ಸಂತೆಯ ತೆಲುಗು ಬಂದರೂ, ಒಳಗಿನ ನೋವನ್ನು ಹೇಳಿಕೊಳ್ಳಲು ಹೆಣ್ಣುಮಕ್ಕಳಿಗೆ ಮನೆಮಾತೇ ಬೇಕು. ಹೇಳಲಾಗದ ನೋವು ಪುಸ್ತಕಕ್ಕೆ ಏರುವುದಿಲ್ಲ. ಬಳ್ಳಾರಿಗೋ ಪಾವಗಡಕ್ಕೋ ಹೋಗಿ ತೋರಿಸಿಕೊಂಡವರ ಕಾಯಿಲೆಯೂ ಇಲ್ಲಿಯ ಲೆಕ್ಕಕ್ಕೆ ಸಿಗುವುದು ಕಷ್ಟ.

ಆದುದರಿಂದ ಕೇಳಲು ಬಂದವರನ್ನು ಕೂರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಹಿರಿಯರ, ಸೊಸೆಯಂದಿರ ಬಾಯಿಂದಲೇ ಹೇಳಿಸಿ. ಊರಿನ ಬೋರಿನ ನೀರನ್ನು ಗ್ರಾಮೀಣ ನೀರು ಸರಬರಾಜು ಇಲಾಖೆಯವರಿಂದ ಪರೀಕ್ಷೆ ಮಾಡಿಸಿ. ನಮ್ಮ ಯುವಜನರು ಕೇರಿಕೇರಿಗೆ ಹೋಗಿ, ಯಾರಿಗೆ ಚಿಕಿತ್ಸೆ ಸಿಕ್ಕಿಲ್ಲ, ಏಕೆ ಸಿಕ್ಕಿಲ್ಲ ಎಂದು ಬರೆದುಕೊಂಡು, ಹೆಸರುಗಳನ್ನು ಗುಟ್ಟಾಗಿಟ್ಟು, ಆ ಲೆಕ್ಕವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮುಟ್ಟಿಸಲಿ. ಬರೀ ಕ್ರೈಸ್ತರ ಮನೆಗಳಿಗೆ ಹೋದರೆ ಸಾಲದು. ಪ್ರಭು ಯೇಸು ಹೇಳಿದ ಸಾಮತಿಯಲ್ಲಿ ಆ ಸಮಾರ್ಯದವನು ಗಾಯಗೊಂಡವನ ಕುಲ ಕೇಳಲಿಲ್ಲ. ಮೊದಲು ಹತ್ತಿರ ಹೋಗಿ ನೋಡಿದನು. ನಾವೂ ಅಲ್ಲಿಂದಲೇ ಆರಂಭಿಸೋಣ.