ಪರೀಕ್ಷಿಸಿದವರಾರು?

ಆಂಗ್ಲ ಭಾಷೆಯ ಒಂದು ಸಣ್ಣ ವಿಶೇಷಣವು ಈಚೆಗೆ ನಮ್ಮ ಕಚೇರಿಗಳಲ್ಲಿಯೂ ಪೇಟೆಗಳಲ್ಲಿಯೂ ಬಹಳವಾಗಿ ಓಡಾಡತೊಡಗಿದೆ. ‘ವೆಟೆಡ್’ ಎಂಬುದೇ ಆ ಶಬ್ದ. ಚೆನ್ನಾಗಿ ಪರಿಶೀಲಿಸಿ ಯೋಗ್ಯವೆಂದು ಒಪ್ಪಿದ್ದು ಎಂಬುದು ಅದರ ಅರ್ಥ. ಮಸೂದೆಯು ಕಾನೂನು ಇಲಾಖೆಯಲ್ಲಿ ‘ವೆಟ್’ ಆಗಿ ಬಂದಿದೆ ಎನ್ನುತ್ತಾರೆ ಅಧಿಕಾರಿಗಳು. ನಮ್ಮ ಕೆಲಸದಾಳುಗಳು, ಚಾಲಕರು, ಶಿಕ್ಷಕರು ಎಲ್ಲರೂ ‘ವೆಟೆಡ್’ ಎನ್ನುತ್ತಾರೆ ಅವರನ್ನು ಒದಗಿಸುವ ಕಂಪನಿಗಳವರು. ಕೇಳಿದವನು ಸಮಾಧಾನಪಟ್ಟು ಸುಮ್ಮನಾಗುತ್ತಾನೆ. ಈ ಸಮಾಧಾನಕ್ಕೆ ಆಧಾರವೇನೆಂಬುದನ್ನು ವಾಚಕರೊಡನೆ ಕೂಡಿ ವಿಚಾರಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಶಬ್ದದ ಹುಟ್ಟು ಕುದುರೆಲಾಯದಲ್ಲಿ. ಹೊರೆ ಹೊರುವ ಪಶುಗಳನ್ನು ಸೂಚಿಸುವ ಲ್ಯಾಟಿನ್ ಮೂಲದಿಂದ ‘ವೆಟರಿನರಿ’ ಎಂಬ ಪದವು ಬಂದಿತು. ಪಶುವೈದ್ಯನನ್ನು ಇಂಗ್ಲೆಂಡಿನ ಜನರು ಹತ್ತೊಂಬತ್ತನೆಯ ಶತಮಾನದಲ್ಲಿ ಚುಟುಕಾಗಿ ‘ವೆಟ್’ ಎಂದು ಕರೆಯಹತ್ತಿದರು. ಕುದುರೆಯನ್ನು ಕೊಳ್ಳುವುದಕ್ಕೆ ಅಥವಾ ಪಂದ್ಯಕ್ಕೆ ಬಿಡುವುದಕ್ಕೆ ಮುಂಚೆ ಅವನಿಂದ ತಪಾಸಣೆ ಮಾಡಿಸುವುದಕ್ಕೂ ಅದೇ ಹೆಸರಾಯಿತು. 1904ರ ವೇಳೆಗೆ ಕಿಪ್ಲಿಂಗ್ ಎಂಬ ಆಂಗ್ಲ ಲೇಖಕನು ಆ ಕ್ರಿಯಾಪದವನ್ನು ಮನುಷ್ಯರಿಗೂ ಅನ್ವಯಿಸಿ ಬರೆದನು. ಮುಂದೆ ಅದು ಕಾಗದಪತ್ರಗಳಿಗೂ ಸರಕುಗಳಿಗೂ ಹಬ್ಬಿತು.

ನಮ್ಮ ದನದ ಜಾತ್ರೆಗಳಲ್ಲಿಯೂ ಈ ಪರೀಕ್ಷೆಯು ಪುರಾತನವಾದುದೇ. ಎತ್ತಿನ ಹಲ್ಲು ಹಿಡಿದು ವಯಸ್ಸು ನೋಡುವುದು, ಮೈಮೇಲಿನ ಸುಳಿ ನೋಡುವುದು, ನಾಲ್ಕು ಹೆಜ್ಜೆ ನಡೆಯಿಸಿ ಕಾಲು ನೋಡುವುದು ಒಕ್ಕಲಿಗನಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಆದರೆ ಅಲ್ಲಿ ನೋಡುವವನು ಕಣ್ಣೆದುರಿಗೇ ಇರುತ್ತಾನೆ. ಅವನು ಏನನ್ನು ನೋಡಿದನೆಂಬುದನ್ನು ಸುತ್ತಲಿನವರೂ ಬಲ್ಲರು. ‘ವೆಟೆಡ್’ ಎಂಬ ವಿಶೇಷಣದಲ್ಲಿ ಈ ಎರಡೂ ಮಾಯವಾಗುತ್ತವೆ. ಪರೀಕ್ಷಿಸಿದವನು ಯಾರು? ಯಾವ ಅಳತೆಗೋಲಿನಿಂದ ಅಳೆದನು? ಅಳೆದು ಎಷ್ಟು ಕಾಲವಾಯಿತು? ಈ ಮೂರು ಪ್ರಶ್ನೆಗಳನ್ನು ನುಂಗಿಕೊಂಡು, ಫಲಿತಾಂಶವೊಂದನ್ನೇ ಆ ಶಬ್ದವು ನಮ್ಮ ಕೈಗೆ ಕೊಡುತ್ತದೆ. ದೋಷವು ಪರೀಕ್ಷೆಯಲ್ಲಿಲ್ಲ, ಹೆಸರಿಲ್ಲದ ಪರೀಕ್ಷೆಯಲ್ಲಿದೆ.

ಇದು ಬರಿಯ ವ್ಯಾಕರಣದ ಜಗಳವಲ್ಲವೆಂಬುದಕ್ಕೆ ಆ ಶಬ್ದದ ತವರುಮನೆಯೇ ಸಾಕ್ಷಿ. ಬ್ರಿಟನ್ನಿನ ಅಣುಸಂಶೋಧನೆಯಲ್ಲಿ ಉನ್ನತ ಸ್ಥಾನದಲ್ಲಿದ್ದ ಕ್ಲಾಸ್ ಫುಕ್ಸ್ ಎಂಬ ವಿಜ್ಞಾನಿಯ ಪೂರ್ವಚರಿತ್ರೆಯನ್ನು ಅಲ್ಲಿನ ಭದ್ರತಾ ಇಲಾಖೆಯವರು ಒಂದಕ್ಕಿಂತ ಹೆಚ್ಚು ಸಲ ನೋಡಿ, ಆತಂಕವಿಲ್ಲವೆಂದು ಬಿಟ್ಟಿದ್ದರು. ಅವನು ಅಣುಬಾಂಬಿನ ರಹಸ್ಯಗಳನ್ನು ಸೋವಿಯತ್ ರಷ್ಯಕ್ಕೆ ಕೊಡುತ್ತಿದ್ದನೆಂಬುದು ಹೊರಬಿದ್ದು, 1950ರಲ್ಲಿ ಅವನಿಗೆ 14 ವರ್ಷಗಳ ಕಾರಾಗೃಹ ಶಿಕ್ಷೆಯಾಯಿತು. ಆ ಬಳಿಕ ಸರಕಾರವು ‘ಪಾಸಿಟಿವ್ ವೆಟಿಂಗ್’ ಎಂಬ ಬಿಗಿಯಾದ ಕ್ರಮವನ್ನು ಜಾರಿಗೆ ತಂದಿತು. ಆ ಬಿಗಿಯಾದ ಜರಡಿಯನ್ನೂ ದಾಟಿ ಬಂದಿದ್ದ ಜೆಫ್ರಿ ಪ್ರೈಮ್ ಎಂಬ ಗೂಢಲಿಪಿ ಇಲಾಖೆಯ ನೌಕರನು ಅದೇ ಬಗೆಯ ದ್ರೋಹಕ್ಕಾಗಿ 1982ರಲ್ಲಿ ಶಿಕ್ಷೆಗೊಳಗಾದನು. ಒಮ್ಮೆ ಒಪ್ಪಿಗೆಯ ಮುದ್ರೆ ಬಿದ್ದ ಮೇಲೆ ಮನುಷ್ಯನನ್ನು ನೋಡುವ ಕಣ್ಣುಗಳು ಮಂದವಾಗುತ್ತವೆ. ಅವನ ಬದಲಿಗೆ ಮುದ್ರೆಯನ್ನೇ ಎಲ್ಲರೂ ನೋಡುತ್ತಾರೆ.

ಇದಕ್ಕಿಂತಲೂ ಶೋಚನೀಯವಾದುದು ತಿರಸ್ಕೃತರ ಪಾಡು. ಬ್ರಿಟಿಷ್ ಪ್ರಸಾರ ಸಂಸ್ಥೆಯಾದ ಬಿ.ಬಿ.ಸಿ.ಯು ತನ್ನ ಉದ್ಯೋಗಗಳಿಗೆ ಬರುವವರ ಹೆಸರುಗಳನ್ನು ಹಲವು ದಶಕಗಳವರೆಗೆ ಗುಟ್ಟಾಗಿ ಗೂಢಚಾರ ಇಲಾಖೆಗೆ ಕಳುಹಿಸಿ ಪರೀಕ್ಷೆ ಮಾಡಿಸುತ್ತಿತ್ತೆಂಬುದು 1985ರಲ್ಲಿ ಪತ್ರಿಕೆಯೊಂದರಿಂದ ಬಯಲಿಗೆ ಬಂದಿತು. ಸಂಶಯಕ್ಕೆ ಒಳಗಾದವರ ಕಡತದ ಮೇಲೆ ಕ್ರಿಸ್ಮಸ್ ಗಿಡದಂಥ ಒಂದು ಗುರುತು ಬೀಳುತ್ತಿತ್ತು. ಕೆಲಸ ಸಿಗದವನಿಗೆ ತನ್ನ ಮೇಲೆ ಹೊರಿಸಿದ ಆರೋಪವೇನೆಂಬುದು ತಿಳಿಯುತ್ತಿರಲಿಲ್ಲ, ಆರೋಪವಿದೆಯೆಂಬುದೇ ತಿಳಿಯುತ್ತಿರಲಿಲ್ಲ. ಕೇಳಿದ ಮಾತಿನ ಮೇಲೆ ಬಿದ್ದ ಗುರುತಾಗಿದ್ದರೂ ಅದನ್ನು ಅಳಿಸಿಕೊಳ್ಳುವ ಮಾರ್ಗವೆಲ್ಲಿ? ನ್ಯಾಯಾಲಯದಲ್ಲಿ ಕಳ್ಳನಿಗೂ ದೊರೆಯುವ ಹಕ್ಕು ಈ ನಿರಪರಾಧಿಗಳಿಗೆ ದೊರೆಯಲಿಲ್ಲ. ಪರಿಶೀಲಿತರೆಂಬ ಒಂದು ಪಂಗಡವಿದ್ದಲ್ಲಿ ತಿರಸ್ಕೃತರೆಂಬ ಇನ್ನೊಂದು ಪಂಗಡವು ಇದ್ದೇ ಇರುತ್ತದೆಂಬುದನ್ನು ನಾವು ಮರೆಯತಕ್ಕದ್ದಲ್ಲ.

ನಮ್ಮ ದೇಶವೂ ಇದರ ರುಚಿಯನ್ನು ಕಾಣದೆ ಇಲ್ಲ. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿಯು ಘೋಷಿತವಾದಾಗ ಪತ್ರಿಕೆಗಳು ಸುದ್ದಿಯನ್ನು ಅಚ್ಚಿಗೆ ಮುಂಚೆ ಸರಕಾರದ ಪರಿಶೀಲನೆಗೆ ಒಪ್ಪಿಸಬೇಕಾಯಿತು. ವಾಚಕನ ಕೈಗೆ ಬಂದದ್ದು ಪರಿಶೀಲಿತವಾದ ಸುದ್ದಿಯೇ. ಆದರೆ ಯಾವ ಸಾಲನ್ನು ಯಾರು ಹೊಡೆದುಹಾಕಿದರೆಂಬುದು ಅವನಿಗೆ ತಿಳಿಯುವಂತಿರಲಿಲ್ಲ. ಪತ್ರಿಕಾವೃತ್ತಿಯವರಾದ ನಮಗೆ ಹೆಸರಿಲ್ಲದ ಪರೀಕ್ಷಕನೆಂದರೆ ಇರುವ ಶಂಕೆಯು ಅಕಾರಣವಾದುದಲ್ಲ.

ಹಾಗಾದರೆ ಪರೀಕ್ಷೆಯೇ ಬೇಡವೆ? ಬೇಡವೆನ್ನುವವನು ರಾಜ್ಯವನ್ನೂ ನಡೆಯಿಸಲಾರ, ಮನೆಯನ್ನೂ ನಡೆಯಿಸಲಾರ. ಮಕ್ಕಳನ್ನು ಶಾಲೆಗೆ ಒಯ್ಯುವ ಚಾಲಕನ ನಡತೆಯನ್ನು ವಿಚಾರಿಸದಿರುವುದು ಔದಾರ್ಯವಲ್ಲ, ಅಲಕ್ಷ್ಯ. ಅಮಾತ್ಯರ ಶುದ್ಧಿಯನ್ನು ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಬಗೆಯ ಗುಪ್ತ ಪರೀಕ್ಷೆಗಳಿಂದ ತಿಳಿಯಬೇಕೆಂದು ಕೌಟಿಲ್ಯನು ವಿಧಿಸಿದ್ದಾನೆ. ಆ ಅರ್ಥಶಾಸ್ತ್ರವನ್ನು ತಾಳೆಗರಿಯ ಕತ್ತಲೆಯಿಂದ ಬೆಳಕಿಗೆ ತಂದು 1909ರಲ್ಲಿ ಅಚ್ಚು ಮಾಡಿಸಿದವರು ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಆ ಪರೀಕ್ಷೆಗಳೂ ಗುಪ್ತವಾದುವೇ. ಆ ಗುಟ್ಟನ್ನು ಪ್ರಜಾರಾಜ್ಯವು ಅನುಸರಿಸಬೇಕಾಗಿಲ್ಲ. ಅದರಲ್ಲಿ ಗ್ರಹಿಸತಕ್ಕ ಅಂಶ ಬೇರೆಯದು. ಕೌಟಿಲ್ಯನು ಯಾರನ್ನೂ ಸುಮ್ಮನೆ ‘ಶುದ್ಧ’ನೆಂದು ಹೇಳಿ ಬಿಡುವುದಿಲ್ಲ. ಧರ್ಮದಲ್ಲಿ ಗೆದ್ದವನು ನ್ಯಾಯಸ್ಥಾನಕ್ಕೆ, ಅರ್ಥದಲ್ಲಿ ಗೆದ್ದವನು ಭಂಡಾರಕ್ಕೆ, ನಾಲ್ಕರಲ್ಲಿಯೂ ಗೆದ್ದವನು ಮಂತ್ರಿಪದವಿಗೆ ಎಂದು ಪರೀಕ್ಷೆಗೂ ಕಾರ್ಯಕ್ಕೂ ಗಂಟು ಹಾಕುತ್ತಾನೆ. ನಿರ್ದುಷ್ಟನಾದವನನ್ನು ಪರೀಕ್ಷೆಯಿಂದಲೇ ಕೆಡಿಸಬಾರದೆಂಬ ಎಚ್ಚರಿಕೆಯನ್ನೂ ಕೊಟ್ಟಿದ್ದಾನೆ. ಯಾವುದಕ್ಕೆ ಯೋಗ್ಯನೆಂದು ಹೇಳದ ಯೋಗ್ಯತಾಪತ್ರಕ್ಕೆ ಅವನಲ್ಲಿ ಸ್ಥಾನವಿಲ್ಲ.

ಹೆಸರುಳ್ಳ ಪರೀಕ್ಷೆಯು ಈಗಲೂ ಅಸಾಧ್ಯವಾದುದಲ್ಲ. ಅಕ್ಕಸಾಲೆಯ ಒರೆಗಲ್ಲನ್ನೇ ನಂಬಬೇಕಾಗಿದ್ದ ಕಾಲವು ಹೋಗಿ, 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಮಾಡಿದ ಚಿನ್ನದ ಒಡವೆಯ ಮೇಲೆ ಆರು ಅಕ್ಷರಾಂಕಗಳ ಪ್ರತ್ಯೇಕ ಗುರುತು ಕಡ್ಡಾಯವಾಯಿತು. ಭಾರತೀಯ ಮಾನಕ ಸಂಸ್ಥೆಯ ಮುದ್ರೆಯಿಂದ ಪರೀಕ್ಷೆಯ ಹೊಣೆ ಯಾರದೆಂಬುದು ತಿಳಿಯುತ್ತದೆ, 916 ಎಂಬ ಅಂಕಿಯಿಂದ ಅಳತೆಯು ತಿಳಿಯುತ್ತದೆ, ಗುರುತಿನಿಂದ ಒಡವೆಯ ಜಾಡು ಸಿಗುತ್ತದೆ. ಚುನಾವಣೆಗೆ ನಿಲ್ಲುವವನು ತನ್ನ ಮೇಲಿನ ಕ್ರಿಮಿನಲ್ ಮೊಕದ್ದಮೆಗಳನ್ನೂ ಆಸ್ತಿಯನ್ನೂ ವಿದ್ಯಾರ್ಹತೆಯನ್ನೂ ಜನರಿಗೆ ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ನಿರ್ಣಯಿಸಿತು. ಮೊಕದ್ದಮೆಗಳುಳ್ಳವನನ್ನು ಪಕ್ಷವು ಆರಿಸಿದರೆ ಏಕೆ ಆರಿಸಿತೆಂಬ ಕಾರಣವನ್ನು ಪ್ರಕಟಿಸಬೇಕು, ಗೆಲ್ಲುವವನೆಂಬುದೊಂದೇ ಕಾರಣ ಸಾಲದು, ಎಂದು 2020ರಲ್ಲಿ ವಿಧಿಸಿತು. ಪರೀಕ್ಷೆಯನ್ನು ಮುಚ್ಚಿದ ಕೋಣೆಯಿಂದ ಚಾವಡಿಗೆ ತರುವುದೆಂದರೆ ಇದೇ.

ನಮ್ಮ ಸಲಹೆಯು ಸರಳವಾದುದು. ಪರೀಕ್ಷಿತವೆಂದು ಹೇಳುವವರು ಯಾರು, ಯಾವುದಕ್ಕಾಗಿ, ಎಂದು ಪರೀಕ್ಷಿಸಿದರೆಂಬುದನ್ನೂ ಕೂಡಿಯೇ ಹೇಳಲಿ. ತಿರಸ್ಕರಿಸಿದವರಿಗೆ ಕಾರಣವನ್ನು ತಿಳಿಸಿ, ಉತ್ತರ ಕೊಡಲು ಅವಕಾಶವೀಯಲಿ. ಕಾಲ ಕಳೆದ ಒಪ್ಪಿಗೆಯನ್ನು ಮತ್ತೆ ಒರೆಗೆ ಹಚ್ಚಲಿ. ಇದಕ್ಕೆ ನಮ್ಮ ಕನ್ನಡವೇ ನೆರವಾಗುತ್ತದೆ. ‘ಪರಿಶೀಲಿಸಲ್ಪಟ್ಟ’ ಎಂಬ ಕರ್ಮಣಿಪ್ರಯೋಗವು ನಮ್ಮ ನಾಲಗೆಗೆ ಸಹಜವಾಗಿ ಹೊಂದುವುದಿಲ್ಲ; ‘ಇಂಥವರು ನೋಡಿ ಒಪ್ಪಿದ್ದು’ ಎಂದೇ ನಾವು ಆಡುತ್ತೇವೆ. ಆ ಮಾತಿನಲ್ಲಿ ಕರ್ತೃವು ಇದ್ದೇ ಇರುತ್ತಾನೆ. ಇಂಗ್ಲಿಷಿನ ವಿಶೇಷಣವನ್ನು ಬಳಸಲೇಬೇಕೆನ್ನುವವರು ಬಳಸಲಿ, ಆದರೆ ಅದನ್ನು ಕೇಳಿದ ಕನ್ನಡಿಗನು ತಲೆಯಾಡಿಸುವ ಮೊದಲು ‘ಒಪ್ಪಿದವರಾರು?’ ಎಂದು ಕೇಳತಕ್ಕದ್ದು. ಉತ್ತರವು ದೊರೆತರೆ ನಂಬೋಣ. ದೊರೆಯದಿದ್ದರೆ ಎತ್ತಿನ ಹಲ್ಲನ್ನು ನಾವೇ ಹಿಡಿದು ನೋಡೋಣ.