ಔಷಧಿಯ ಮೇಲಿನ ಗೇಣಿ

2025ನೆಯ ಇಸವಿ ಅಕ್ಟೋಬರ್ 17ರಂದು ಸರ್ವೋಚ್ಚ ನ್ಯಾಯಾಲಯವು ಸ್ವಿಟ್ಜರ್ಲೆಂಡಿನ ರೋಶ್ ಔಷಧ ಕಂಪನಿಯ ಅರ್ಜಿಯನ್ನು ತಳ್ಳಿಹಾಕಿತು. ಪೇಟೆಂಟು ಕಾಯಿದೆಯ ವ್ಯಾಜ್ಯ, ವಕೀಲರ ವ್ಯವಹಾರ, ನಮಗೇನು ಎಂದು ಹಲವರು ಪುಟ ತಿರುವಿಹಾಕಿರಬಹುದು. ಆದರೆ ಆ ಆಜ್ಞೆಯ ಫಲ ಇಷ್ಟು: ಅಲ್ಲಿಯವರೆಗೆ ಸೀಸೆಯೊಂದಕ್ಕೆ ಸುಮಾರು 6 ಲಕ್ಷ ರೂಪಾಯಿ ಬೆಲೆಯಿದ್ದ ರಿಸ್ಡಿಪ್ಲಾಮ್ ಎಂಬ ಔಷಧಿಯನ್ನು ಹೈದರಾಬಾದಿನ ನ್ಯಾಟ್ಕೋ ಕಂಪನಿ 15,900 ರೂಪಾಯಿಗೆ ಮಾರಲು ದಾರಿಯಾಯಿತು. ಔಷಧಿ ಅದೇ, ರೋಗವೂ ಅದೇ. 15,900 ರೂಪಾಯಿಗೆ ಮಾರಿಯೂ ನ್ಯಾಟ್ಕೋ ಧರ್ಮಛತ್ರ ನಡೆಸುತ್ತಿಲ್ಲ. ಅದೂ ಲಾಭಕ್ಕಾಗಿ ಇರುವ ಕಂಪನಿಯೇ. ಹಾಗಾದರೆ ಮಿಕ್ಕ 5 ಲಕ್ಷ 84 ಸಾವಿರ ರೂಪಾಯಿ ಯಾವುದರ ಬೆಲೆ? ಈ ಪ್ರಶ್ನೆಯನ್ನು ಜನತೆಯ ಮುಂದೆ ಇಡಬೇಕಾಗಿದೆ.

ಮೊದಲು ರೋಗವೇನೆಂದು ತಿಳಿಯೋಣ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಅಂದರೆ ಬೆನ್ನುಹುರಿಯ ಚಾಲಕ ನರಕೋಶಗಳು ಸೊರಗಿ, ಅವುಗಳ ಅಪ್ಪಣೆಗೆ ಕಾದಿರುವ ಸ್ನಾಯುಗಳು ಕರಗಿಹೋಗುವ ರೋಗ. ಹತ್ತು ಸಾವಿರ ಹೆರಿಗೆಗಳಲ್ಲಿ ಸುಮಾರು ಒಂದು ಕೂಸಿಗೆ ಇದು ಬರುತ್ತದೆ. ಇದರ ಉಗ್ರ ರೂಪದಲ್ಲಿ ಕೂಸಿಗೆ ಕತ್ತು ನಿಲ್ಲುವುದಿಲ್ಲ, ಕೂರಲು ಆಗುವುದಿಲ್ಲ, ಕೊನೆಗೆ ಉಸಿರೆಳೆಯುವ ಸ್ನಾಯುಗಳೂ ಸೋಲುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ಅಂಥ ಮಕ್ಕಳಲ್ಲಿ ಹೆಚ್ಚಿನವರು ಎರಡು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಾರೆ. ಅವರ ಬುದ್ಧಿಗೆ ಯಾವ ಕುಂದೂ ಇರುವುದಿಲ್ಲ. ಕಣ್ಣರಳಿಸಿ ತಾಯಿಯನ್ನು ನೋಡಿ ನಗುವ ಮಗು, ಅವಳತ್ತ ಕೈ ಎತ್ತಲಾರದು.

ಹಳ್ಳಿಗಳಲ್ಲಿ ಇದಕ್ಕೆ ಶಾಪ, ಕರ್ಮ, ಸೊಸೆಯ ಕಾಲ್ಗುಣ ಎಂದೆಲ್ಲ ಹೆಸರಿಡುವುದುಂಟು. ಅದೆಲ್ಲ ಸುಳ್ಳು. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೂ ಕಡೆಯಿಂದ ಕೆಟ್ಟ ವಂಶವಾಹಿ ಬಂದಾಗ ಮಾತ್ರ ಈ ರೋಗ ಹುಟ್ಟುತ್ತದೆ. ತಂದೆ ತಾಯಿ ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದಾಗ ಇಂಥ ರೋಗಗಳ ಸಂಭವ ಹೆಚ್ಚು. ಅಕ್ಕನ ಮಗಳನ್ನೂ ಅತ್ತೆಯ ಮಗಳನ್ನೂ ತರುವ ನಮ್ಮ ನಾಡಿನವರು ಇದನ್ನು ಅರಿತಿರಬೇಕು. ಸೊಸೆಯೊಬ್ಬಳನ್ನೇ ದೂರುವ ಅತ್ತೆಯಂದಿರಂತೂ ಅರಿಯಲೇಬೇಕು.

ವಿಜ್ಞಾನ ಇಲ್ಲಿ ಸಾಧಿಸಿರುವುದು ನಿಜಕ್ಕೂ ಅದ್ಭುತ. ನರಕೋಶ ಬದುಕಲು ಬೇಕಾದ ಒಂದು ಪ್ರೋಟೀನಿನ ಪಾಠ ನಮ್ಮ ದೇಹದಲ್ಲಿ ಎರಡು ಪ್ರತಿಗಳಲ್ಲಿದೆ. ಮೊದಲನೆಯದು ಎಸ್.ಎಂ.ಎನ್.1, ಎರಡನೆಯದು ಎಸ್.ಎಂ.ಎನ್.2. ಈ ರೋಗಿಗಳಲ್ಲಿ ಮೊದಲನೆಯ ಪ್ರತಿ ಕಳೆದಿರುತ್ತದೆ ಇಲ್ಲವೆ ಕೆಟ್ಟಿರುತ್ತದೆ. ಎರಡನೆಯದು ಬಹುಮಟ್ಟಿಗೆ ಅದರ ಪಡಿಯಚ್ಚೇ. ಆದರೆ ಮುಖ್ಯವಾದ ಒಂದು ಅಕ್ಷರ ಬದಲಾಗಿರುವುದರಿಂದ, ನಕಲು ಮಾಡುವಾಗ ನಡುವಿನ ಒಂದು ಸಾಲು ಹೆಚ್ಚಿನ ಸಲ ಬಿಟ್ಟುಹೋಗುತ್ತದೆ. ಸಾಲು ಬಿಟ್ಟು ಬರೆದ ಕಾಪಿ ಪುಸ್ತಕ ಏನು ಪ್ರಯೋಜನ ಎಂಬುದನ್ನು ಮೇಷ್ಟರ ಕೆಲಸ ಮಾಡಿ ಬಂದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಿಸ್ಡಿಪ್ಲಾಮ್ ಮಾಡುವ ಕೆಲಸವೆಂದರೆ ಆ ಸಾಲು ಬಿಟ್ಟುಹೋಗದಂತೆ ನೋಡಿಕೊಳ್ಳುವುದು. ದಿನಕ್ಕೊಮ್ಮೆ ಬಾಯಿಗೆ ಹಾಕುವ ದ್ರವ, ಮನೆಯಲ್ಲೇ ಕೊಡಬಹುದು. ಆದರೆ ಬದುಕಿರುವವರೆಗೆ ಕೊಡಬೇಕು. ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲವಾದ್ದರಿಂದ ಎಷ್ಟು ಬೇಗ ಮೊದಲಾದರೆ ಅಷ್ಟು ಒಳ್ಳೆಯದು.

ಈ ಹೊಲವನ್ನು ಉತ್ತವರು ಯಾರು? ವಂಶವಾಹಿಯನ್ನು 1995ರಲ್ಲಿ ಗುರುತಿಸಿದ್ದು ಪ್ಯಾರಿಸಿನ ವಿಜ್ಞಾನಿಗಳ ತಂಡ, ಸಾರ್ವಜನಿಕ ಸಂಶೋಧನ ಸಂಸ್ಥೆಯಲ್ಲಿ. ಫ್ರಾನ್ಸಿನಲ್ಲಿ 1987ರಿಂದ ವರ್ಷವರ್ಷವೂ ಟೆಲಿಥಾನ್ ಎಂಬ ಚಂದಾ ಎತ್ತುವ ಕಾರ್ಯಕ್ರಮ ನಡೆದು, ಸಾಮಾನ್ಯ ಜನ ಕೊಟ್ಟ ಹಣದಿಂದ ಇಂಥ ರೋಗಗಳ ಪ್ರಯೋಗಾಲಯಗಳು ನಡೆದಿವೆ. ಅಮೆರಿಕದಲ್ಲಿ ರೋಗಪೀಡಿತ ಮಗುವಿನ ತಂದೆತಾಯಿ 2003ರಲ್ಲಿ ಕಟ್ಟಿದ ಎಸ್.ಎಂ.ಎ. ಫೌಂಡೇಷನ್ನು 2006ರಲ್ಲಿ ಪಿ.ಟಿ.ಸಿ. ಎಂಬ ಕಂಪನಿಯೊಡನೆ ಸೇರಿ ಈ ಔಷಧಿಯ ಶೋಧ ಆರಂಭಿಸಿತು. ರೋಶ್ ಬಂದು ಕೂಡಿದ್ದು 2011ರಲ್ಲಿ. ಇದರ ಮೇಲೆ, ವಿರಳ ರೋಗಗಳ ಔಷಧಿ ಮಾಡುವ ಕಂಪನಿಗಳಿಗೆ ಅಮೆರಿಕದ ಸರ್ಕಾರ 1983ರ ಕಾಯಿದೆಯ ಮೂಲಕ ತೆರಿಗೆ ರಿಯಾಯಿತಿಯನ್ನೂ ಏಳು ವರ್ಷದ ಏಕಸ್ವಾಮ್ಯವನ್ನೂ ಕೊಟ್ಟಿದೆ.

ಬೆಳೆ ಕೊಯ್ಲಿಗೆ ಬಂದಾಗ ಕಣದಲ್ಲಿ ನಿಂತವರು ಮಾತ್ರ ಬೇರೆ. 2016ರಲ್ಲಿ ಬಂದ ಮೊದಲ ಔಷಧಿ ಸ್ಪಿನ್ರಾಜಾಕ್ಕೆ ಮೊದಲ ವರ್ಷದ ಬೆಲೆ 7 ಲಕ್ಷ 50 ಸಾವಿರ ಡಾಲರು. 2019ರಲ್ಲಿ ಬಂದ ಜೋಲ್ಗೆನ್ಸ್ಮಾ ಒಂದೇ ಸಲ ಕೊಡುವ ವಂಶವಾಹಿ ಚಿಕಿತ್ಸೆ. ಅದರ ಬೆಲೆ 21 ಲಕ್ಷ 25 ಸಾವಿರ ಡಾಲರು, ಅಂದಿನ ಲೆಕ್ಕದಲ್ಲಿ ಸುಮಾರು 15 ಕೋಟಿ ರೂಪಾಯಿ. ಆ ಚಿಕಿತ್ಸೆ ಬೆಳೆದದ್ದು ಓಹಾಯೋದ ಒಂದು ಮಕ್ಕಳ ಆಸ್ಪತ್ರೆಯ ಸಂಶೋಧನೆಯಿಂದ. ನೊವಾರ್ಟಿಸ್ ಕಂಪನಿ 2018ರಲ್ಲಿ ಅದನ್ನು ಹಿಡಿದಿದ್ದ ಚಿಕ್ಕ ಕಂಪನಿಯನ್ನೇ 870 ಕೋಟಿ ಡಾಲರಿಗೆ ಕೊಂಡುಕೊಂಡಿತು. ಹಾಕಿದ ಬಂಡವಾಳ ಹಿಂದಕ್ಕೆ ಬರಬೇಡವೆ ಎಂದು ಈಗ ಕೇಳುತ್ತಾರೆ. ಕೂಸಿನ ಉಸಿರನ್ನು ಹೀಗೆ ಹರಾಜಿನಲ್ಲಿ ಕೂಗಿ, ಆ ಹರಾಜಿನ ಮೊತ್ತವನ್ನು ತಂದೆತಾಯಿಯಿಂದ ವಸೂಲು ಮಾಡುವುದು ಯಾವ ನ್ಯಾಯ?

ಕಂಪನಿಗಳ ವಾದವನ್ನು ನಾವು ಕೇಳದೆ ಬಿಟ್ಟಿಲ್ಲ. ಸಂಶೋಧನೆಗೆ ಹಣ ಬೇಕು, ಹತ್ತು ಪ್ರಯೋಗಗಳಲ್ಲಿ ಒಂಬತ್ತು ಸೋಲುತ್ತವೆ, ರೋಗಿಗಳು ಕೆಲವರೇ ಆದ್ದರಿಂದ ತಲೆಯೊಂದಕ್ಕೆ ಬೆಲೆ ಏರುತ್ತದೆ ಎನ್ನುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ಸಂಶೋಧಕನಿಗೆ ಕೂಲಿ ಸಿಗಲೇಬೇಕು. ಉಳುವವನಿಗೆ ಬೀಜದ ಖರ್ಚು ಸಿಗುವುದು ಬೇಡವೆಂದು ಸಮಾಜವಾದಿ ಯಾರೂ ಹೇಳುವುದಿಲ್ಲ. ಆದರೆ ಕೂಲಿ ಬೇರೆ, ಗೇಣಿ ಬೇರೆ. ಬೇರೆಯವನು ಬೆಳೆಯದಂತೆ ಹೊಲಕ್ಕೆ ಬೇಲಿ ಹಾಕಿ, ಹಸಿದವನು ಎಷ್ಟು ಕೊಟ್ಟಾನು ಎಂಬುದನ್ನೇ ಅಳತೆಯಾಗಿ ಹಿಡಿದು ಎತ್ತುವ ಹಣ ಗೇಣಿಯೇ ಹೊರತು ಕೂಲಿಯಲ್ಲ.

ಈ ಬೇಲಿ ನಮ್ಮ ದೇಶದಲ್ಲಿ ಯಾವಾಗಲೂ ಇರಲಿಲ್ಲ. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರು 1959ರಲ್ಲಿ ಕೊಟ್ಟ ವರದಿಯನ್ನು ಆಧರಿಸಿ ಬಂದ 1970ರ ಪೇಟೆಂಟು ಕಾಯಿದೆಯು, ಔಷಧಿಯನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟು ಕೊಟ್ಟಿತು, ಔಷಧಿಗೆ ಕೊಡಲಿಲ್ಲ. ಅದರ ನೆರಳಿನಲ್ಲೇ ಭಾರತ ಬಡ ದೇಶಗಳ ಔಷಧಶಾಲೆಯಾಯಿತು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ತಲೆಬಾಗಿ 2005ರಲ್ಲಿ ಕಾಯಿದೆಯನ್ನು ತಿದ್ದಿ ಔಷಧಿಗೂ ಪೇಟೆಂಟು ಕೊಡಲಾಯಿತು. ಆದರೂ ಅದರಲ್ಲಿ ಕೆಲವು ಕಿಂಡಿಗಳು ಉಳಿದಿವೆ. 2012ರಲ್ಲಿ ಬೇಯರ್ ಕಂಪನಿಯ ಕ್ಯಾನ್ಸರ್ ಔಷಧಿಯನ್ನು ತಯಾರಿಸಲು ಕಡ್ಡಾಯ ಪರವಾನಗಿ ನೀಡಿದಾಗ, ತಿಂಗಳಿಗೆ 2 ಲಕ್ಷ 80 ಸಾವಿರ ರೂಪಾಯಿಯಿದ್ದ ಬೆಲೆ 8,800ಕ್ಕೆ ಇಳಿಯಿತು. ರಿಸ್ಡಿಪ್ಲಾಮಿನ ವಿಷಯದಲ್ಲಿ ಸರ್ಕಾರ ಆ ಅಧಿಕಾರವನ್ನು ಬಳಸಲಿಲ್ಲ. ಹಿಂದಿನ ಪೇಟೆಂಟಿನಲ್ಲೇ ಇದರ ಹೊಳಹು ಇತ್ತು, ಹೊಸ ಪೇಟೆಂಟು ಮೇಲ್ನೋಟಕ್ಕೇ ದುರ್ಬಲ ಎಂದು ಕಂಡು, ದೆಹಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚಿನಲ್ಲೂ ಮತ್ತೆ ಅಕ್ಟೋಬರಿನಲ್ಲೂ ಮಧ್ಯಂತರ ತಡೆಯಾಜ್ಞೆ ಕೊಡಲು ಒಪ್ಪಲಿಲ್ಲ. ಸರ್ಕಾರ ಮಾಡಬೇಕಿದ್ದ ಕೆಲಸ, ಹೀಗೆ ಕಂಪನಿ ಕಂಪನಿಗಳ ಜಗಳದ ನಡುವೆ ಆಕಸ್ಮಿಕವಾಗಿ ಆಯಿತು.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. 2021ರಲ್ಲಿ ವಿರಳ ರೋಗಗಳ ರಾಷ್ಟ್ರೀಯ ನೀತಿಯನ್ನು ಹೊರಡಿಸಿತು. 2022ರಲ್ಲಿ ರೋಗಿಯೊಬ್ಬನಿಗೆ 50 ಲಕ್ಷ ರೂಪಾಯಿಯವರೆಗೆ ನೆರವು ಎಂದು ಸಾರಿತು. ಕೇಳಲು ದೊಡ್ಡ ಮೊತ್ತ. ಲೆಕ್ಕ ಹಾಕಿ ನೋಡೋಣ. ಇಪ್ಪತ್ತು ಕಿಲೋ ತೂಕ ದಾಟಿದ ರೋಗಿಗೆ ದಿನಕ್ಕೆ 5 ಮಿಲಿಗ್ರಾಂ ಔಷಧಿ ಬೇಕು. ಸೀಸೆಯಲ್ಲಿರುವುದು 60 ಮಿಲಿಗ್ರಾಂ. ಹನ್ನೆರಡು ದಿನಕ್ಕೆ ಒಂದು ಸೀಸೆ, ವರ್ಷಕ್ಕೆ ಮೂವತ್ತು. ಆರು ಲಕ್ಷದ ದರದಲ್ಲಿ 50 ಲಕ್ಷ ರೂಪಾಯಿ ನೂರು ದಿನಕ್ಕೆ ಮುಗಿಯುತ್ತದೆ. 15,900ರ ದರದಲ್ಲಿ ಅದೇ ಹಣ ಹತ್ತು ವರ್ಷ ಬರುತ್ತದೆ. ಅಂದರೆ ಹಿಂದಿನ ದರದಲ್ಲಿ ಸರ್ಕಾರ ಬೊಕ್ಕಸದಿಂದ ಕೊಡುತ್ತಿದ್ದ ನೆರವು ರೋಗಿಯ ಕೈಯಿಂದ ದಾಟಿ ಗೇಣಿದಾರನ ಕಣಜಕ್ಕೆ ಸೇರುತ್ತಿತ್ತು. ಬೆಲೆಯನ್ನು ಮುಟ್ಟದೆ ನೆರವು ಕೊಡುವುದು ತಳವಿಲ್ಲದ ಕೊಡಕ್ಕೆ ನೀರು ಹೊಯ್ದಂತೆ.

ಮಿಕ್ಕ ಹಣಕ್ಕೆ ಆ ನೀತಿ ತೋರಿಸಿದ ದಾರಿ ಇನ್ನೂ ವಿಚಿತ್ರ: ದಾನಿಗಳಿಂದ ಚಂದಾ ಎತ್ತಲು ಸರ್ಕಾರವೇ ತೆರೆದ ಒಂದು ಅಂತರ್ಜಾಲ ತಾಣ! ಮಗುವಿನ ಪಟವನ್ನು ಹಾಕಿ, ಕರುಣೆಯಿಡಿ ಎಂದು ಲೋಕಕ್ಕೆ ಕೈಚಾಚುವುದು. ಯಾವ ಮಗುವಿನ ಮುಖ ಮುದ್ದಾಗಿದೆಯೋ, ಯಾರಿಗೆ ಪಟ್ಟಣದಲ್ಲಿ ಗೆಳೆಯರಿದ್ದಾರೋ ಅವರಿಗೆ ಹಣ ಕೂಡುತ್ತದೆ. ಹೊಸನಗರದ ಮೂಲೆಯಲ್ಲಿ ಅಡಿಕೆ ಸುಲಿಯುವ ಹೆಂಗಸಿನ ಮಗುವಿಗೆ ಯಾರಿದ್ದಾರೆ? ದಾನಿಗಳ ಮನಸ್ಸು ದೊಡ್ಡದು, ಅವರಿಗೆ ನಮ್ಮ ನಮಸ್ಕಾರ. ಆದರೆ ಚಿಕಿತ್ಸೆ ಹಕ್ಕು, ಭಿಕ್ಷೆಯಲ್ಲ.

15,900ಕ್ಕೆ ಇಳಿದ ಮಾತ್ರಕ್ಕೆ ಸಂತೋಷಪಟ್ಟು ಕೂರುವಂತೆಯೂ ಇಲ್ಲ. ವರ್ಷಕ್ಕೆ ಮೂವತ್ತು ಸೀಸೆಯೆಂದರೆ 4 ಲಕ್ಷ 77 ಸಾವಿರ ರೂಪಾಯಿ. ಕೂಲಿಯವನ ಇಡೀ ವರ್ಷದ ದುಡಿಮೆ ಅದರ ಹತ್ತಿರಕ್ಕೂ ಬಾರದು. ಸರ್ಕಾರವೇ ಸಗಟಿನಲ್ಲಿ ಕೊಂಡು ಹಂಚಿದರೆ ಮಾತ್ರ ಔಷಧಿ ಗುಡಿಸಲು ಮುಟ್ಟುತ್ತದೆ. ನೆರೆಯ ಕೇರಳ ತನ್ನ ಮಕ್ಕಳಿಗೆ ಇದನ್ನು ಉಚಿತವಾಗಿ ಕೊಡಲು ತೊಡಗಿದೆ. ಕೇರಳಕ್ಕೆ ಸಾಧ್ಯವಾದದ್ದು ಕರ್ನಾಟಕಕ್ಕೆ ಏಕೆ ಅಸಾಧ್ಯ?

ಇನ್ನು ನಮ್ಮ ಜಿಲ್ಲೆಯ ಮಾತು. ಸಾಗರ ತಾಲೂಕಿನ ಹಂದಿಗೋಡಿನ ಹೆಸರು ವೈದ್ಯಗ್ರಂಥಗಳಲ್ಲಿದೆ. 1970ರ ದಶಕದ ನಡುಭಾಗದಲ್ಲಿ ಅಲ್ಲಿನ ದಲಿತ ಕೂಲಿಕಾರರ ಮನೆಗಳಲ್ಲಿ ಸೊಂಟ ಮಂಡಿ ಬಿಗಿದು, ಬೆನ್ನು ಬಾಗಿ, ನಡೆಯಲಾರದೆ ಹೋಗುವ ಕಾಯಿಲೆ ಹೊರಜಗತ್ತಿನ ಕಣ್ಣಿಗೆ ಬಿತ್ತು. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಸಂಶಯ ಮೊದಲು ಬಂದಿತ್ತು. ಬಳಿಕ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರೂ ಬೇರೆ ತಜ್ಞರೂ ಬಂದು ಪರೀಕ್ಷಿಸಿ, ಇದು ವಂಶವಾಹಿಯಿಂದ ಬರುವ ಮೂಳೆಯ ರೋಗವೆಂದು ತಿಳಿಸಿದರು. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಬರಬಹುದಾದದ್ದು. ಐವತ್ತು ವರ್ಷ ಕಳೆದರೂ ಅದಕ್ಕೆ ಔಷಧಿಯಿಲ್ಲ. ಜಗತ್ತಿನ ಯಾವ ಕಂಪನಿ ಹಂದಿಗೋಡಿಗಾಗಿ ಪ್ರಯೋಗಾಲಯ ತೆರೆಯುತ್ತದೆ? ಅಲ್ಲಿನ ಜನರ ಬಳಿ ಗೇಣಿ ಕೊಡಲು ಏನೂ ಇಲ್ಲ. ಲಾಭವನ್ನೇ ನಂಬಿದ ವಿಜ್ಞಾನ ಸಿರಿವಂತನ ವಿರಳ ರೋಗಕ್ಕೆ ಕೋಟಿಯ ಔಷಧಿ ಹುಡುಕೀತು. ಬಡವನ ವಿರಳ ರೋಗಕ್ಕೆ ಹೆಸರಿಟ್ಟು ಹೊರಟುಹೋದೀತು.

ಬೇರೆ ದಾರಿ ಇಲ್ಲವೆ? ಇದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು, ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗದ ಐದು ಮಂದಿಗೆ ವಂಶವಾಹಿ ಚಿಕಿತ್ಸೆ ಮಾಡಿ, ಅವರ ರಕ್ತಸ್ರಾವ ನಿಂತದ್ದನ್ನು 2024ರ ಡಿಸೆಂಬರಿನಲ್ಲಿ ಜಗತ್ತಿಗೆ ತೋರಿಸಿದರು. ಆ ಕೆಲಸಕ್ಕೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಹಣವಿತ್ತು. ನಮ್ಮವರ ಕೈಯಲ್ಲಿ ಆಗುವುದಿಲ್ಲ ಎಂಬ ಮಾತಿಗೆ ಇದೇ ಉತ್ತರ.

ಆದ್ದರಿಂದ ನಮ್ಮ ಒತ್ತಾಯಗಳು ಸ್ಪಷ್ಟ. ರಿಸ್ಡಿಪ್ಲಾಮನ್ನು ಸರ್ಕಾರ ಸಗಟಿನಲ್ಲಿ ಕೊಂಡು ಜಿಲ್ಲಾ ಆಸ್ಪತ್ರೆಗಳ ಮೂಲಕ ಉಚಿತವಾಗಿ ಕೊಡಲಿ. ಜೀವಮಾನದ ಔಷಧಿಗೆ 50 ಲಕ್ಷದ ಮಿತಿ ಅರ್ಥಹೀನ, ಅದು ಹೋಗಲಿ. ಪೇಟೆಂಟು ಕಾಯಿದೆಯಲ್ಲಿರುವ ಕಡ್ಡಾಯ ಪರವಾನಗಿಯ ಅಧಿಕಾರವನ್ನು ಇತರ ವಿರಳ ರೋಗಗಳ ಔಷಧಿಗಳಿಗೂ ಬಳಸಲಿ. 1961ರಲ್ಲಿ ಕಟ್ಟಿದ ಐ.ಡಿ.ಪಿ.ಎಲ್. ಕಾರ್ಖಾನೆಗಳನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಉಳಿದಿರುವ ಸಾರ್ವಜನಿಕ ಔಷಧ ಕಾರ್ಖಾನೆಗಳಿಗಾದರೂ ಈ ಕೆಲಸ ವಹಿಸಲಿ. ಹುಟ್ಟಿದ ಕೂಸಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸುವ ಏರ್ಪಾಡು ಪ್ರತಿ ಹೆರಿಗೆ ಆಸ್ಪತ್ರೆಯಲ್ಲೂ ಆಗಲಿ. ಹಂದಿಗೋಡಿನ ರೋಗಕ್ಕೆ ಬಿಡದೆ ನಡೆಯುವ ಸರ್ಕಾರಿ ಸಂಶೋಧನೆಯೂ, ರೋಗಿಗಳಿಗೆ ಬದುಕಲು ಸಾಕಾಗುವ ಮಾಸಾಶನವೂ ಸಿಗಲಿ.

1951ರಲ್ಲಿ ಇದೇ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎತ್ತಿದ್ದು ಒಂದು ಸಣ್ಣ ಪ್ರಶ್ನೆ: ಒಡೆಯ ಬತ್ತ ಅಳೆಯುವ ಕೊಳಗ ಎಷ್ಟು ಸೇರಿನದು? ಆ ಪ್ರಶ್ನೆ ಬೆಳೆದು ಭೂಮಿಯ ಒಡೆತನದ ಪ್ರಶ್ನೆಯೇ ಆಯಿತು. ಇಂದು ಔಷಧಿಯ ಕೊಳಗವನ್ನು ಹಿಡಿದವರ ಮುಂದೆಯೂ ಅದೇ ಪ್ರಶ್ನೆಯನ್ನು ಇಡಬೇಕಾಗಿದೆ. 6 ಲಕ್ಷದ ಕೊಳಗ ಸುಳ್ಳೆಂಬುದು ನ್ಯಾಯಾಲಯದ ಬಾಗಿಲಲ್ಲಿ ಬಯಲಾಗಿದೆ. ನಿಜವಾದ ಅಳತೆ ಯಾವುದೆಂದು ಹೇಳಬೇಕಾದವರು ಜನ. ಈ ವಿಷಯವನ್ನು ಪ್ರತಿ ಗ್ರಾಮಸಭೆಯಲ್ಲೂ ಎತ್ತಿ, ಶಾಸಕರ ಮುಂದೆ, ಸಂಸದರ ಮುಂದೆ ಇಡಿ ಎಂದು ನಮ್ಮ ವಾಚಕರನ್ನೂ ಕಾರ್ಯಕರ್ತರನ್ನೂ ಕೇಳಿಕೊಳ್ಳುತ್ತೇವೆ.