ಶುಶ್ರೂಷೆ ಮಾಡುವವರ ಮನಸ್ಸು

‘ಶುಶ್ರೂಷೆ’ ಎಂಬ ಪದದ ಮೂಲಾರ್ಥ ಕೇಳುವ ಇಚ್ಛೆ. ಗುರುವಿನ ಮಾತನ್ನು ಕೇಳಬಯಸಿ ಬಳಿಯಲ್ಲೇ ಉಳಿದ ಶಿಷ್ಯನ ಊಳಿಗಕ್ಕೂ ಅದೇ ಹೆಸರು ಸಂದು, ಕಾಲಕ್ರಮದಲ್ಲಿ ಅದು ರೋಗಿಯ ಆರೈಕೆಯೆಂಬ ಅರ್ಥದಲ್ಲಿ ನೆಲೆನಿಂತಿತು. ಆದರೆ ರೋಗಿಯ ನರಳಿಕೆಗೆ ಹಗಲಿರುಳು ಕಿವಿಗೊಡುವವರ ಮಾತಿಗೆ ಕಿವಿಗೊಡುವವರು ಯಾರು? ನಮ್ಮ ಸಮಾಜ ಈ ಪ್ರಶ್ನೆಯನ್ನು ಬಹುಕಾಲ ಕೇಳಿಕೊಳ್ಳಲಿಲ್ಲ. ಹೆಂಡತಿಯೋ ತಾಯಿಯೋ ಸೊಸೆಯೋ ಮಾಡುವ ಸೇವೆ ಅವಳ ಕರ್ತವ್ಯವೆಂದೊಡನೆ ವಿಚಾರ ಮುಗಿಯುತ್ತಿತ್ತು.

ಇದನ್ನು ಶಾಸ್ತ್ರೀಯವಾಗಿ ಕೈಗೆತ್ತಿಕೊಂಡ ಗಣ್ಯ ಪ್ರಯತ್ನವೊಂದು ಬೆಂಗಳೂರಿನಲ್ಲಿಯೇ ನಡೆಯಿತೆಂಬುದು ನಮ್ಮ ಓದುಗರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ ಕಾಣೆ. ಮನೋರೋಗಿಯ ಕುಟುಂಬ ಹೊರುವ ಭಾರವನ್ನು ಅಳೆಯಲು ಶೈಲಾ ಪೈ ಮತ್ತು ಆರ್. ಎಲ್. ಕಪೂರ್ ಅವರು ರೂಪಿಸಿದ ಪ್ರಶ್ನಾವಳಿ 1981ರಲ್ಲಿ ಬ್ರಿಟನ್ನಿನ ಮನೋವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿರುವುದು 24 ಅಂಶಗಳು. ಮನೆಯ ಹಣಕಾಸು, ದಿನಚರಿ, ಬಿಡುವು, ಮನೆಮಂದಿಯ ಪರಸ್ಪರ ಸಂಬಂಧ, ಉಳಿದವರ ದೇಹಾರೋಗ್ಯ, ಅವರ ಮನಸ್ಸಿನ ಆರೋಗ್ಯ ಎಂದು ಆರು ವಿಭಾಗ. ಪ್ರತಿ ಅಂಶಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಇದಲ್ಲದೆ, ಒಟ್ಟಿನಲ್ಲಿ ನೀವು ಎಷ್ಟು ಸಂಕಟಪಟ್ಟಿದ್ದೀರಿ ಎಂಬ ಅರ್ಥದ ಒಂದು ನೇರ ಪ್ರಶ್ನೆ.

ಈ ನೇರ ಪ್ರಶ್ನೆಯೇ ಎಲ್ಲಕ್ಕಿಂತ ಕಠಿನವಾದುದೆಂದು ನನ್ನ ಎಣಿಕೆ. ಸಾಲವೆಷ್ಟಾಯಿತು, ಮಕ್ಕಳ ಓದು ನಿಂತಿತೇ, ನೆಂಟರು ಬರುವುದನ್ನು ಬಿಟ್ಟರೇ ಎಂದು ಕೇಳಿದರೆ ನಮ್ಮ ಹೆಂಗಸರು ಉತ್ತರ ಕೊಟ್ಟಾರು. ನಿಮಗೆ ಭಾರವಾಯಿತೇ ಎಂದರೆ ಬಾಯಿ ಕಟ್ಟುತ್ತದೆ. ಗಂಡನನ್ನೋ ಮಗನನ್ನೋ ಹೊರೆಯೆಂದು ಒಪ್ಪಿಕೊಂಡಂತಾದೀತೆಂಬ ಅಂಜಿಕೆ. ಒಲವು, ಬೇಸರ, ಸಿಟ್ಟು, ಸಿಟ್ಟಾದುದಕ್ಕೆ ನಾಚಿಕೆ ಇವೆಲ್ಲ ಒಂದೇ ಎದೆಯಲ್ಲಿ ಒಂದೇ ಹೊತ್ತಿಗೆ ಇರಬಲ್ಲವೆಂಬುದನ್ನು ನಮ್ಮ ಕಾವ್ಯ ಬಲ್ಲದು, ನೆರೆಹೊರೆ ಒಪ್ಪದು.

ಹೇಳದೆ ನುಂಗಿದ ಸಂಕಟ ಪ್ರಾಣಕ್ಕೂ ಸಂಚಕಾರ ತರಬಲ್ಲದು. ಅಮೆರಿಕದ ರಿಚರ್ಡ್ ಷುಲ್ಟ್ಸ್ ಮತ್ತು ಸ್ಕಾಟ್ ಬೀಚ್ ಅವರು 66ರಿಂದ 96 ವಯಸ್ಸಿನ ಗೃಹಸ್ಥರನ್ನು ಕುರಿತು 1999ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಗಮನಾರ್ಹ. ಬಾಳಸಂಗಾತಿಯ ಆರೈಕೆಯಲ್ಲಿ ಬಳಲಿದವರ ಸಾವಿನ ಸಂಭವ, ಅಂಥ ಹೊಣೆಯಿಲ್ಲದವರಿಗಿಂತ, ನಾಲ್ಕು ವರ್ಷಗಳ ಅವಧಿಯಲ್ಲಿ ಶೇಕಡಾ 63ರಷ್ಟು ಹೆಚ್ಚಾಗಿತ್ತು. ಆರೈಕೆ ಮಾಡಿಯೂ ಬಳಲಿಕೆ ಕಾಣದವರಲ್ಲಿ ಆ ಬಗೆಯ ಗಣನೀಯ ಏರಿಕೆ ಕಂಡುಬರಲಿಲ್ಲ. ಆದುದರಿಂದ ಆರೈಕೆಯ ಗಂಟೆಗಳನ್ನು ಎಣಿಸಿದರೆ ಸಾಲದು, ಆ ಮನಸ್ಸನ್ನೇ ಕೇಳಬೇಕಾಗುತ್ತದೆ.

ಭಾರತದಲ್ಲಿ ಅರುವತ್ತು ದಾಟಿದವರಲ್ಲಿ ಶೇಕಡಾ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನಕ್ಕೆ, ಡಿಮೆನ್ಷಿಯಾ ಎಂಬ ಮರೆವಿನ ರೋಗವಿದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಇವರಲ್ಲಿ ಬಹುಪಾಲು ಜನರ ಆಸ್ಪತ್ರೆ ಮನೆಯೇ. ಹಿರಿಯರ ಪೋಷಣೆಗೆಂದು 2007ರಲ್ಲಿ ಬಂದ ಕಾಯಿದೆ, ಹೊಣೆ ಹೊತ್ತವರು ಅವರನ್ನು ತೊರೆದರೆ ಮೂರು ತಿಂಗಳವರೆಗೆ ಸೆರೆವಾಸ ವಿಧಿಸಬಹುದೆನ್ನುತ್ತದೆ. ತೊರೆಯದೆ ಉಳಿದವರ ಗೋಳು ಅದರ ಗಮನಕ್ಕೆ ಬಿದ್ದಂತಿಲ್ಲ. ಆ ಕಾಯಿದೆಯಲ್ಲಿ ‘ಮಕ್ಕಳು’ ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಅನೇಕ ಮನೆಗಳಲ್ಲಿ ಹಾಸಿಗೆ ಬದಲಿಸುವ ಸೊಸೆಯ ಹೆಸರೇ ಅಲ್ಲಿಲ್ಲ!

2017ರ ಮಾನಸಿಕ ಆರೋಗ್ಯ ಕಾಯಿದೆಯಾದರೋ ರೋಗಿಯ ಕುಟುಂಬಕ್ಕೆ ಆಸರೆಯಾಗುವ ಸೇವೆಗಳನ್ನೂ ಸರ್ಕಾರ ಒದಗಿಸಬೇಕೆನ್ನುತ್ತದೆ. ಆ ಮಾತು ಮನೆಬಾಗಿಲಿಗೆ ಬರಲು ಮೊದಲಿಗೆ ದೊಡ್ಡ ಯೋಜನೆಯೇನೂ ಬೇಡ. ವಾರಕ್ಕೊಂದು ಮಧ್ಯಾಹ್ನ ಬೇರೊಬ್ಬರು ಬಂದು ರೋಗಿಯ ಬಳಿ ಕುಳಿತು ಮನೆಯವಳನ್ನು ಮಲಗಗೊಡಲಿ. ವೈದ್ಯರು ಔಷಧದ ಚೀಟಿ ಬರೆಯುವ ಮುನ್ನ, ರೋಗಿಯ ಪಕ್ಕದಲ್ಲಿ ಚೀಲ ಹಿಡಿದು ನಿಂತವಳ ಕಡೆಗೂ ತಿರುಗಿ, ನಿನ್ನೆ ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡಿದಿರಮ್ಮ ಎಂದು ಕೇಳಲಿ.